ಎರಡು ನವಮಿ, ಒಂದು ಯಂತ್ರ

ನಮ್ಮ ಕೂಟದ ಸದಸ್ಯರ ಮನೆಗಳಲ್ಲಿ ತಪ್ಪದೆ ಕಾಣುವ ವಸ್ತುಗಳ ಪಟ್ಟಿ ಮಾಡಿದರೆ ಹೀಗಿರಬಹುದು: ಅಡಿಗೆಮನೆಯಲ್ಲಿ ಕುಕ್ಕರು ಮತ್ತು ಗ್ರೈಂಡರು, ದೇವರ ಮೂಲೆಯಲ್ಲಿ ಊರಿನಿಂದ ತಂದ ಜೋಡಿ ದೀಪ, ಗ್ಯಾರೇಜಿನಲ್ಲಿ ಒಂದು ಸ್ನೋ ಬ್ಲೋವರ್. ಕುಕ್ಕರು ಗ್ರೈಂಡರುಗಳನ್ನು ದಿನವೂ ತೊಳೆಯುತ್ತೇವೆ. ದೀಪಗಳನ್ನು ಶುಕ್ರವಾರ ಬೆಳಗಿ ಇಡುತ್ತೇವೆ. ಸ್ನೋ ಬ್ಲೋವರನ್ನು ಮಾತ್ರ ಏಪ್ರಿಲಿನಲ್ಲಿ ಮೂಲೆಗೆ ತಳ್ಳಿ, ಅದರ ಮೇಲೆ ಮಕ್ಕಳ ಸೈಕಲ್ಲು, ಮಡಿಸುವ ಕುರ್ಚಿ, ಊರಿಗೆ ಹೋಗಿ ಬಂದ ಸೂಟ್‌ಕೇಸುಗಳನ್ನು ಪೇರಿಸಿ, ಡಿಸೆಂಬರಿನ ಒಂದು ಬೆಳಿಗ್ಗೆ ಅದು ಒಂದೇ ಎಳೆತಕ್ಕೆ ಗುಡುಗಬೇಕೆಂದು ನಿರೀಕ್ಷಿಸುತ್ತೇವೆ. ಅದು ಗುಡುಗುವುದಿಲ್ಲ. ಆಗ ಕೂಟದ ಮಿತ್ರರಿಗೆ ಫೋನು ಮಾಡುತ್ತೇವೆ. ಅವರ ಯಂತ್ರವೂ ಗುಡುಗಿರುವುದಿಲ್ಲ.

ಈ ಲೇಖನದ ವಾದ ಸರಳವಾದದ್ದು. ಇಂಥ ಯಂತ್ರವನ್ನು ಕೊಳ್ಳುವ ಮುನ್ನ ಎರಡು ಸಲ ಯೋಚಿಸಬೇಕು. ಕೊಂಡ ಮೇಲೆ ಅದನ್ನು ಹಸು ಸಾಕಿದಂತೆ ಸಾಕಬೇಕು. ಮತ್ತು ಅದು ನಮ್ಮೊಬ್ಬರ ಅಂಗಳಕ್ಕೆ ಮಾತ್ರ ಸೇರಿದ್ದಲ್ಲವೆಂದು ತಿಳಿಯಬೇಕು. ಇದನ್ನು ನಾವು ಬುದ್ಧಿವಂತರೆಂದು ಹೇಳುತ್ತಿಲ್ಲ. ತಪ್ಪು ಮಾಡಿ, ನಾಚಿಕೆಪಟ್ಟು, ಆಮೇಲೆ ಕಲಿತು ಹೇಳುತ್ತಿದ್ದೇವೆ.

ನಾವು ಎಂದರೆ ಗಂಡ ಹೆಂಡತಿ ಇಬ್ಬರು. ಒಬ್ಬರು ರಸಾಯನಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದು ಪ್ರಯೋಗಶಾಲೆಯಲ್ಲಿ ಪಾಲಿಮರುಗಳೊಡನೆ ದಿನ ಕಳೆಯುವವರು, ಇನ್ನೊಬ್ಬರು ಲೆಕ್ಕಪತ್ರದವರು. ಇಬ್ಬರಿಗೂ ಇನ್ನೂ ನಲವತ್ತಾಗಿಲ್ಲ. ಹುಟ್ಟಿ ಬೆಳೆದದ್ದು ಹಾಸನದ ಕಡೆ. ಅಲ್ಲಿ ಮಳೆ ತಾನಾಗಿ ಬರುತ್ತದೆ, ತಾನಾಗಿ ಹರಿದುಹೋಗುತ್ತದೆ. ಬಿದ್ದ ಮಳೆಯನ್ನು ಸಲಿಕೆಯಲ್ಲಿ ಎತ್ತಿ ಪಕ್ಕಕ್ಕೆ ಹಾಕಬೇಕಾದ ಊರೂ ಒಂದಿದೆಯೆಂದು ರಾಚೆಸ್ಟರಿಗೆ ಬಂದ ಮೇಲೆಯೇ ತಿಳಿದದ್ದು. ಕೆನಡಾದ ಕಡೆಯಿಂದ ಬೀಸುವ ಶೀತಗಾಳಿ ಇನ್ನೂ ಬೆಚ್ಚಗಿರುವ ಒಂಟಾರಿಯೋ ಸರೋವರವನ್ನು ದಾಟುವಾಗ ನೀರಿನ ಆವಿಯನ್ನು ಹೊತ್ತು ತಂದು ನಮ್ಮ ದಡದ ಮೇಲೆ ಹಿಮವಾಗಿ ಸುರಿದು ಹೋಗುತ್ತದೆ. ಪಕ್ಕದ ಈರಿ ಸರೋವರ ಆಳವಿಲ್ಲದ್ದು, ಬಹಳ ಚಳಿಯ ವರ್ಷ ಹೆಪ್ಪುಗಟ್ಟಿ ಸುಮ್ಮನಾಗುತ್ತದೆ. ಒಂಟಾರಿಯೋ ಆಳವಾದ್ದರಿಂದ ಪೂರ್ತಿ ಹೆಪ್ಪುಗಟ್ಟುವುದು ಬಹಳ ಅಪರೂಪ. ಆದ್ದರಿಂದ ನಮಗೆ ಮಾರ್ಚಿನವರೆಗೂ ಬಿಡುವಿಲ್ಲ. ವರ್ಷಕ್ಕೆ ಸರಾಸರಿ ೧೦೦ ಅಂಗುಲದಷ್ಟು ಹಿಮ.

ಲೆಕ್ಕಪತ್ರದವರು ಮನೆಯಲ್ಲಿದ್ದ ಮೇಲೆ ಲೆಕ್ಕ ಹಾಕದಿದ್ದರೆ ಹೇಗೆ? ನಮ್ಮ ಡ್ರೈವ್‌ವೇ ೫೦ ಅಡಿ ಉದ್ದ, ೧೬ ಅಡಿ ಅಗಲ, ಅಂದರೆ ೮೦೦ ಚದರಡಿ. ರಾತ್ರಿ ೧೦ ಅಂಗುಲ ಹಿಮ ಬಿತ್ತೆನ್ನಿ. ಹಗುರವಾದ ಹತ್ತು ಅಂಗುಲ ಹಿಮ ಕರಗಿದರೆ ಸುಮಾರು ಒಂದು ಅಂಗುಲ ನೀರು. ಒಂದು ಚದರಡಿಯ ಮೇಲೆ ಒಂದು ಅಂಗುಲ ನೀರೆಂದರೆ ಐದು ಪೌಂಡಿಗೆ ಸ್ವಲ್ಪ ಹೆಚ್ಚು. ಒಟ್ಟು ೪,೦೦೦ ಪೌಂಡಿಗೂ ಮೇಲೆ, ಅಂದರೆ ಸುಮಾರು ೧,೯೦೦ ಕಿಲೋ. ೨೫ ಕಿಲೋ ತೂಕದ ಅಕ್ಕಿ ಚೀಲಗಳನ್ನು ಎಪ್ಪತ್ತೈದು ಸಲ ಎತ್ತಿ ಪಕ್ಕಕ್ಕೆ ಹಾಕಿದಂತಾಯಿತು, ಅದೂ ಕೆಲಸಕ್ಕೆ ಹೊರಡುವ ಮುಂಚೆ. ಇದು ಹಗುರ ಹಿಮದ ಮಾತು. ಮಾರ್ಚಿನ ಒದ್ದೆ ಹಿಮವಾದರೆ ಚೀಲಗಳ ಸಂಖ್ಯೆ ಇಮ್ಮಡಿಯಾಗುತ್ತದೆ. ಇಷ್ಟೆಲ್ಲ ಮುಗಿಸಿ ಬೆನ್ನು ನೆಟ್ಟಗೆ ಮಾಡುವಷ್ಟರಲ್ಲಿ ಊರಿನ ಪ್ಲೌ ಗಾಡಿ ಬಂದು ರಸ್ತೆಯ ಹಿಮವನ್ನೆಲ್ಲ ನಮ್ಮ ಡ್ರೈವ್‌ವೇ ಬಾಯಿಗೆ ಗೋಡೆ ಕಟ್ಟಿ ಹೋಗಿರುತ್ತದೆ.

ಇದು ಬರೀ ಮೈಕೈ ನೋವಿನ ಸಂಗತಿಯಲ್ಲ. ಚಳಿಯಲ್ಲಿ ರಕ್ತನಾಳಗಳು ಕುಗ್ಗುತ್ತವೆ, ರಕ್ತದ ಒತ್ತಡ ಏರುತ್ತದೆ. ಭಾರ ಎತ್ತುವಾಗ ನಮಗೆ ಅರಿವಿಲ್ಲದೆ ಉಸಿರು ಬಿಗಿಹಿಡಿಯುತ್ತೇವೆ. ಅಮೆರಿಕನ್ ಹಾರ್ಟ್ ಅಸೋಸಿಯೇಷನ್ನಿನವರು ಈ ಬಗ್ಗೆ ಮತ್ತೆ ಮತ್ತೆ ಎಚ್ಚರಿಸಿದ್ದಾರೆ. ನಮ್ಮ ಕಡೆಯವರಿಗೆ, ಅಂದರೆ ದಕ್ಷಿಣ ಏಷ್ಯದ ಮೂಲದವರಿಗೆ, ಹೃದಯದ ಕಾಯಿಲೆ ಉಳಿದವರಿಗಿಂತ ಕೆಲವು ವರ್ಷ ಮುಂಚಿತವಾಗಿಯೇ ಬರುತ್ತದೆಂಬುದೂ ತಿಳಿದ ವಿಷಯ. ೨೦೨೨ರ ಡಿಸೆಂಬರಿನಲ್ಲಿ ಬಫಲೋ ಸುತ್ತಮುತ್ತ ಬೀಸಿದ ಹಿಮಬಿರುಗಾಳಿಯಲ್ಲಿ ನಲವತ್ತಕ್ಕೂ ಹೆಚ್ಚು ಜನ ತೀರಿಕೊಂಡರು. ಅವರಲ್ಲಿ ಚಳಿಗೆ ಸಿಕ್ಕಿ ಸತ್ತವರಷ್ಟೇ ಅಲ್ಲ, ಹಿಮ ತೆಗೆಯುತ್ತ ಹೃದಯ ನಿಂತು ಸತ್ತವರೂ ಇದ್ದರು, ಆಂಬುಲೆನ್ಸು ಬರಲಾಗದೆ ಸತ್ತವರೂ ಇದ್ದರು. ಈ ಕೊನೆಯ ಮಾತನ್ನು ಓದುಗರು ನೆನಪಿನಲ್ಲಿಡಬೇಕು. ಅದಕ್ಕೆ ಮರಳಿ ಬರುತ್ತೇವೆ.

ಮನೆ ಕೊಂಡ ಎರಡನೆಯ ಚಳಿಗಾಲದಲ್ಲಿ ನಾವು ಯಂತ್ರ ಕೊಂಡೆವು. ೨೪ ಅಂಗುಲ ಬಾಯಿಯ, ಗ್ಯಾಸಿನಿಂದ ನಡೆಯುವ, ಎರಡು ಹಂತದ ಸ್ನೋ ಬ್ಲೋವರ್. ತೂಕ ನೂರು ಕಿಲೋ ಹತ್ತಿರ, ಬೆಲೆ ಸಾವಿರ ಡಾಲರಿನ ಮೇಲೆ. ಈ ‘ಎರಡು ಹಂತ’ ಎಂದರೇನೆಂದು ನಮ್ಮಲ್ಲಿ ಬಹಳ ಜನಕ್ಕೆ ಗೊಂದಲವಿರುವುದರಿಂದ ಸ್ವಲ್ಪ ಹೇಳುತ್ತೇವೆ. ಮುಂದಿನ ಬಾಯಲ್ಲಿ ಹಲ್ಲುಹಲ್ಲಾದ ಉಕ್ಕಿನ ಸುರುಳಿ ನಿಧಾನವಾಗಿ ತಿರುಗುತ್ತ ಎರಡೂ ಕಡೆಯ ಹಿಮವನ್ನು ಕತ್ತರಿಸಿ ನಡುವಿಗೆ ಎಳೆದು ತರುತ್ತದೆ. ಇದಕ್ಕೆ ಆಗರ್ ಎನ್ನುತ್ತಾರೆ. ಇದು ಮೊದಲ ಹಂತ. ಅದರ ಹಿಂದೆ ವೇಗವಾಗಿ ತಿರುಗುವ ರೆಕ್ಕೆಗಳ ಚಕ್ರ, ಇಂಪೆಲ್ಲರ್, ಆ ಹಿಮವನ್ನು ಹಿಡಿದು ಕೊಳವೆಯ ಮೂಲಕ ಮೂವತ್ತು ನಲವತ್ತು ಅಡಿ ದೂರ ತೂರುತ್ತದೆ. ಇದು ಎರಡನೆಯ ಹಂತ. ಒಂದೇ ಹಂತದ ಚಿಕ್ಕ ಯಂತ್ರದಲ್ಲಿ ಎರಡೂ ಕೆಲಸವನ್ನು ನೆಲ ಸವರುವ ಒಂದೇ ಸುರುಳಿ ಮಾಡುತ್ತದೆ. ಪ್ಲೌ ಕಟ್ಟಿದ ಗೋಡೆಯ ಮುಂದೆ ಅದು ಏದುಸಿರು ಬಿಡುತ್ತದೆ.

ಎರಡು ಹಂತವೆಂದರೆ ಟೂ ಸ್ಟ್ರೋಕ್ ಅಲ್ಲ. ನಮ್ಮ ತಂದೆಯವರ ಕಾಲದ ಸ್ಕೂಟರುಗಳಿಗೆ ಪೆಟ್ರೋಲಿನೊಡನೆ ಎಣ್ಣೆ ಬೆರೆಸುತ್ತಿದ್ದ ನೆನಪಿನಿಂದ ನಮ್ಮ ಮಿತ್ರರೊಬ್ಬರು ಇದಕ್ಕೂ ಬೆರೆಸಿ, ಬೀದಿಗೆಲ್ಲ ಹೊಗೆ ಹಾಕಿ, ನೆರೆಯವರಿಂದ ಮಾತು ಕೇಳಿದರು. ಇಂದು ಮಾರುವ ಎರಡು ಹಂತದ ಯಂತ್ರಗಳ ಎಂಜಿನ್ನು ಫೋರ್ ಸ್ಟ್ರೋಕ್. ಕಾರಿನಂತೆ ಎಣ್ಣೆಗೆ ಬೇರೆ ಜಾಗ, ಗ್ಯಾಸಿಗೆ ಬೇರೆ ಜಾಗ.

ಹಿಮವನ್ನು ಯಂತ್ರದಿಂದ ತೂರಬಹುದೆಂದು ಮಾಡಿ ತೋರಿಸಿದವರು ಕೆನಡಾದ ಕ್ವೆಬೆಕ್ ಪ್ರಾಂತ್ಯದ ಆರ್ಥರ್ ಸಿಕಾರ್. ೧೯೨೫ರಲ್ಲಿ ಅವರ ಮೊದಲ ಯಂತ್ರ ಸಿದ್ಧವಾಯಿತು, ೧೯೨೭ರ ವೇಳೆಗೆ ಮಾಂಟ್ರಿಯಲ್ ಪಕ್ಕದ ಊತ್ರಮಾನ್ ಊರಿನ ಬೀದಿಗಳಲ್ಲಿ ಕೆಲಸ ಮಾಡುತ್ತಿತ್ತು. ಅದು ಬೀದಿಗಾಗಿ, ಊರಿಗಾಗಿ ಹುಟ್ಟಿದ ಯಂತ್ರ. ಒಬ್ಬೊಬ್ಬರ ಗ್ಯಾರೇಜಿಗೆ ಬಂದದ್ದು ಆಮೇಲೆ.

ಈಗ ನಮ್ಮ ತಪ್ಪಿನ ಕಥೆ. ನಮ್ಮ ಪಕ್ಕದ ಮನೆಯಲ್ಲಿ ಎಪ್ಪತ್ತು ದಾಟಿದ ದಂಪತಿಗಳಿದ್ದಾರೆ. ಹಿರಿಯರು ಕಾರ್ಖಾನೆಯೊಂದರಲ್ಲಿ ಉಪಕರಣ ತಯಾರಿಸುವ ಕೆಲಸದಲ್ಲಿ ಮೂವತ್ತೈದು ವರ್ಷ ದುಡಿದವರು. ನಮ್ಮ ಮೊದಲ ಚಳಿಗಾಲವೆಲ್ಲ, ನಾವು ಏಳುವುದರೊಳಗೆ, ಅವರ ಹಳೆಯ ಯಂತ್ರ ನಮ್ಮ ಡ್ರೈವ್‌ವೇಯನ್ನೂ ಗುಡಿಸಿ ಹೋಗಿರುತ್ತಿತ್ತು. ಕೇಳಿದರೆ, “ಹೇಗೂ ತಿರುಗಿಸಿಕೊಳ್ಳಲು ಜಾಗ ಬೇಕಿತ್ತು” ಎನ್ನುತ್ತಿದ್ದರು. ನಾವು ಹೊಸ ಯಂತ್ರ ತಂದಾಗ ಬಹಳ ಉತ್ಸಾಹದಿಂದ, “ಇನ್ನು ಎರಡು ಮನೆಗೂ ಒಂದೇ ಸಾಕು, ನಿಮ್ಮ ಅಂಗಳ ನಮ್ಮ ಜವಾಬ್ದಾರಿ” ಎಂದೆವು. ಅವರು ನಂಬಿದರು. ತಮ್ಮ ಯಂತ್ರವನ್ನು ಮಾರಿಬಿಟ್ಟರು.

ಎರಡು ವರ್ಷ ಮಾತು ಉಳಿಸಿಕೊಂಡೆವು. ಮೂರನೆಯ ವರ್ಷದ ಏಪ್ರಿಲಿನಲ್ಲಿ ಒಂದು ಸಮ್ಮೇಳನದ ಪ್ರಬಂಧ, ಊರಿಗೆ ಹೋಗುವ ತಯಾರಿ, ಇವುಗಳ ಗಡಿಬಿಡಿಯಲ್ಲಿ ಯಂತ್ರವನ್ನು ಇದ್ದ ಹಾಗೆಯೇ, ಅರ್ಧ ಟ್ಯಾಂಕು ಗ್ಯಾಸಿನೊಡನೆ, ಮೂಲೆಗೆ ತಳ್ಳಿದೆವು. ಆ ವರ್ಷ ಡಿಸೆಂಬರಿನಲ್ಲಿ ಹಿಮ ಹೆಚ್ಚು ಬೀಳಲಿಲ್ಲ, ಸಲಿಕೆಯಲ್ಲೇ ಕಳೆದೆವು. ಜನವರಿಯ ಒಂದು ಭಾನುವಾರ ಬೆಳಗಿನ ಆರು ಗಂಟೆಗೆ ಫೋನು ಬಂತು. ಹೊರಗೆ ಮೊಣಕಾಲುದ್ದ ಹಿಮ. ಪಕ್ಕದ ಮನೆಯಾಕೆ ಹೇಳಿದ್ದು ಎರಡೇ ಮಾತು: ಅವರಿಗೆ ಎದೆನೋವು, ಆಂಬುಲೆನ್ಸು ಹೊರಟಿದೆ, ದಯವಿಟ್ಟು ದಾರಿ ಮಾಡಿ.

ಗ್ಯಾರೇಜಿಗೆ ಓಡಿ, ಸೈಕಲ್ಲು ಸೂಟ್‌ಕೇಸುಗಳನ್ನು ಎಸೆದು, ಯಂತ್ರವನ್ನು ಹೊರಗೆಳೆದು ಹಗ್ಗ ಎಳೆದೆವು. ಒಂದು, ಎರಡು, ಹತ್ತು, ಇಪ್ಪತ್ತು ಸಲ. ಒಬ್ಬರ ತೋಳು ಸೋತ ಮೇಲೆ ಇನ್ನೊಬ್ಬರು. ಕರೆಂಟಿನ ಸ್ಟಾರ್ಟರಿಗೆ ವೈರು ಸಿಕ್ಕಿಸಿದೆವು. ಎಂಜಿನ್ನು ಎರಡು ಸಲ ಕೆಮ್ಮಿ ಸುಮ್ಮನಾಯಿತು. ಅಷ್ಟರಲ್ಲಿ ರಸ್ತೆಯ ತುದಿಯಲ್ಲಿ ಕೆಂಪು ದೀಪ ತಿರುಗುತ್ತ ಗಾಡಿ ಬಂದು ನಿಂತಿತು, ಪ್ಲೌ ಕಟ್ಟಿದ ಗೋಡೆಯ ಆಚೆ. ಎದುರು ಮನೆಯ ಕಾಲೇಜು ಹುಡುಗ, ಅವನ ತಾಯಿ, ನಾವಿಬ್ಬರು, ನಾಲ್ಕು ಸಲಿಕೆ. ಸ್ಟ್ರೆಚರ್ ಹಿಡಿಯುವಷ್ಟು ಅಗಲದ ದಾರಿ ಮಾಡಲು ಕಾಲುಗಂಟೆ ಹಿಡಿಯಿತು. ಆಂಬುಲೆನ್ಸಿನವರು ಕಾಯದೆ ಹಿಮದಲ್ಲೇ ನಡೆದು ಒಳಗೆ ಹೋಗಿದ್ದರು, ಆದರೆ ರೋಗಿಯನ್ನು ಹೊರತರಲು ದಾರಿ ಬೇಕೇ ಬೇಕಿತ್ತು. ಮನೆಯಾಕೆ ಬಾಗಿಲಲ್ಲಿ ಕೋಟು ಹಾಕಿಕೊಂಡು ನಿಂತು ನಮ್ಮನ್ನೇ ನೋಡುತ್ತಿದ್ದರು. ಆ ಕಾಲುಗಂಟೆಯನ್ನು ನಾವು ಮರೆಯುವುದಿಲ್ಲ.

ದೇವರ ದಯೆ, ಹಿರಿಯರು ಉಳಿದರು. ಆದರೆ ಅವರು ಉಳಿದದ್ದು ನಮ್ಮಿಂದಲ್ಲ, ನಮ್ಮ ಯಂತ್ರದಿಂದಲ್ಲ.

ನಾಚಿಕೆಯ ಸಂಗತಿ ಏನೆಂದರೆ, ಅದು ಏಕೆ ಕೆಟ್ಟಿತೆಂಬುದು ನಮಗೆ ಚೆನ್ನಾಗಿ ಗೊತ್ತಿತ್ತು. ಪ್ಲಾಸ್ಟಿಕ್ಕು ಆಮ್ಲಜನಕದಿಂದ ಹಾಳಾಗದಂತೆ ತಡೆಯುವ ವಸ್ತುಗಳ ಮೇಲೆ ಕೆಲಸ ಮಾಡಿ ಸಂಬಳ ಪಡೆಯುವ ಮನೆ ಇದು! ಗ್ಯಾಸು ಎಂದರೆ ಒಂದೇ ವಸ್ತುವಲ್ಲ, ನೂರಾರು ಹೈಡ್ರೋಕಾರ್ಬನ್ನುಗಳ ಮಿಶ್ರಣ. ಅವುಗಳಲ್ಲಿ ಕೆಲವು ಗಾಳಿಯ ಆಮ್ಲಜನಕದೊಡನೆ ಸೇರಿ ಮೊದಲು ಪೆರಾಕ್ಸೈಡುಗಳಾಗಿ, ಆಮೇಲೆ ಒಂದಕ್ಕೊಂದು ಅಂಟಿಕೊಂಡು ಗೋಂದಿನಂಥ ವಸ್ತುವಾಗುತ್ತವೆ. ಬಳಸದೆ ಇಟ್ಟ ಕಡಲೆಕಾಯಿ ಎಣ್ಣೆ ಕಮಟು ಹತ್ತುವುದೂ ಇದೇ ಜಾತಿಯ ಕ್ರಿಯೆ. ಕಾರ್ಬ್ಯುರೇಟರಿನ ಪುಟ್ಟ ಬಟ್ಟಲಲ್ಲಿ ಉಳಿದ ಗ್ಯಾಸಿನ ಹಗುರ ಭಾಗ ಬೇಸಿಗೆಯಲ್ಲಿ ಆರಿಹೋಗಿ, ಗೋಂದು ಮಾತ್ರ ತಳದಲ್ಲಿ ಉಳಿಯುತ್ತದೆ. ಗ್ಯಾಸು ಚಿಮ್ಮುವ ಜೆಟ್ಟಿನ ರಂಧ್ರ ಒಂದು ಮಿಲಿಮೀಟರಿಗೂ ಸಣ್ಣದು. ಅದು ಮುಚ್ಚಿಕೊಳ್ಳಲು ಎಷ್ಟು ಗೋಂದು ಬೇಕು?

ಇನ್ನೆರಡು ಮಾತು. ಇಲ್ಲಿ ಪಂಪಿನಲ್ಲಿ ಸಿಗುವ ಗ್ಯಾಸಿನಲ್ಲಿ ಸಾಮಾನ್ಯವಾಗಿ ಶೇಕಡಾ ಹತ್ತರವರೆಗೆ ಎಥನಾಲ್ ಇರುತ್ತದೆ. ಅದಕ್ಕೆ ನೀರೆಂದರೆ ಪ್ರೀತಿ. ನೂರಕ್ಕೆ ಅರ್ಧ ಭಾಗದಷ್ಟು ನೀರು ಸೇರಿದರೆ ಎಥನಾಲೂ ನೀರೂ ಒಟ್ಟಾಗಿ ಗ್ಯಾಸಿನಿಂದ ಬೇರ್ಪಟ್ಟು ತಳಕ್ಕಿಳಿಯುತ್ತವೆ. ಚಳಿ ಹೆಚ್ಚಿದಷ್ಟೂ ಇನ್ನೂ ಕಡಿಮೆ ನೀರು ಸಾಕು. ಎಂಜಿನ್ನು ಕುಡಿಯುವುದು ತಳದಿಂದಲೇ. ಹಾಗೆಂದು ಎಲ್ಲಕ್ಕೂ ಎಥನಾಲನ್ನೇ ದೂರುವುದು ಸರಿಯಲ್ಲ. ಬಿಗಿಯಾಗಿ ಮುಚ್ಚಿದ ಡಬ್ಬಿಯಲ್ಲಿ ಅಷ್ಟು ನೀರು ಸೇರುವುದು ಕಷ್ಟ. ನಮ್ಮ ಮರೆವಿನ ಪಾಲೇ ಹೆಚ್ಚು. ಎರಡನೆಯದು, ಚಳಿಯಲ್ಲಿ ಸುಲಭವಾಗಿ ಹೊತ್ತಿಕೊಳ್ಳಲೆಂದು ಚಳಿಗಾಲದ ಗ್ಯಾಸಿನಲ್ಲಿ ಬ್ಯೂಟೇನಿನಂಥ ಹಗುರ ಅಂಶ ಹೆಚ್ಚಿರುತ್ತದೆ. ಜುಲೈನಲ್ಲಿ ಹುಲ್ಲು ಕತ್ತರಿಸುವ ಯಂತ್ರಕ್ಕೆಂದು ತಂದ ಗ್ಯಾಸನ್ನು ಜನವರಿಯಲ್ಲಿ ಹಾಕಿದರೆ ಅದು ಹೊಸದಾಗಿದ್ದಾಗಲೂ ಚಳಿಗೆ ತಕ್ಕದ್ದಾಗಿರಲಿಲ್ಲ.

ಮದ್ದೂ ಸುಲಭ. ಋತು ಮುಗಿದಾಗ ಟ್ಯಾಂಕು ಬರಿದು ಮಾಡಿ, ಎಂಜಿನ್ನು ತಾನಾಗಿ ನಿಲ್ಲುವವರೆಗೆ ಓಡಿಸಬೇಕು. ಇಲ್ಲವೆ ಹೊಸ ಗ್ಯಾಸಿಗೆ ಸ್ಟೆಬಿಲೈಸರ್ ಬೆರೆಸಿ, ಅದು ಕಾರ್ಬ್ಯುರೇಟರಿನವರೆಗೂ ತಲುಪುವಂತೆ ಹತ್ತು ನಿಮಿಷ ಓಡಿಸಿ ನಿಲ್ಲಿಸಬೇಕು. ಆ ಬಾಟಲಿಯಲ್ಲಿರುವ ಮುಖ್ಯ ವಸ್ತು ಆಮ್ಲಜನಕದ ಕ್ರಿಯೆಯನ್ನು ತಡೆಯುವಂಥದು. ಚಿಪ್ಸು ಪೊಟ್ಟಣದ ಎಣ್ಣೆ ಕಮಟಾಗದಂತೆ ಹಾಕುವುದರ ನೆಂಟ. ಆದರೆ ಅದು ಹಳಸುವುದನ್ನು ತಡೆಯುತ್ತದೆಯೇ ಹೊರತು ಹಳಸಿದ್ದನ್ನು ಸರಿಮಾಡುವುದಿಲ್ಲ. ಶೇಕಡಾ ಹದಿನೈದು ಎಥನಾಲಿನ ಗ್ಯಾಸು ಅಗ್ಗವೆಂದು ಇದಕ್ಕೆ ಹಾಕಲೇಬಾರದು. ಅದಕ್ಕೆ ಅನುಮತಿಯಿರುವುದು ಕಾರುಗಳಿಗೆ, ಇಂಥ ಸಣ್ಣ ಎಂಜಿನ್ನುಗಳಿಗಲ್ಲ.

ಮಾರ್ಚಿನಲ್ಲಿ ಹಿರಿಯರು ಕೋಲೂರಿಕೊಂಡು ನಮ್ಮ ಗ್ಯಾರೇಜಿಗೆ ಬಂದರು. ನಾವು ಕ್ಷಮೆ ಕೇಳಲು ಬಾಯಿ ತೆರೆದಾಗ ಕೈಯಾಡಿಸಿ, ಮಡಿಸುವ ಕುರ್ಚಿ ಹಾಕಿಸಿಕೊಂಡು ಕುಳಿತು, “ಹತ್ತನೆಯ ನಂಬರಿನ ಸ್ಪ್ಯಾನರ್ ತನ್ನಿ” ಎಂದರು. ಅವರು ಹೇಳುತ್ತ ಹೋದರು, ನಾವು ಬಿಚ್ಚುತ್ತ ಹೋದೆವು. ಅಷ್ಟರಲ್ಲಿ ನಾವು ಸ್ಪಾರ್ಕ್ ಪ್ಲಗ್ಗನ್ನು ಎರಡು ಸಲ ಬದಲಾಯಿಸಿ ಆಗಿತ್ತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತೆ. ಬಟ್ಟಲಿನ ತಳದಲ್ಲಿ ಬೆಲ್ಲದ ಪಾಕದ ಬಣ್ಣದ ಅಂಟು. ಅದನ್ನು ಬೆಳಕಿಗೆ ಹಿಡಿದು ನೋಡಿ, “ಏಪ್ರಿಲಿನ ಹತ್ತು ನಿಮಿಷದ ಕೆಲಸ” ಎಂದರು. ಬೇರೇನೂ ಹೇಳಲಿಲ್ಲ. ಬೈದಿದ್ದರೆ ಹಗುರವಾಗುತ್ತಿತ್ತು.

ಅಂದಿನಿಂದ ಅವರು ನಮಗೆ ಗುರುಗಳು. ಅವರಿಂದ ಕಲಿತದ್ದರಲ್ಲಿ ಮುಖ್ಯವಾದ ಕೆಲವನ್ನು ಇಲ್ಲಿ ಹೇಳುತ್ತೇವೆ.

ಆಗರಿನ ಸುರುಳಿಗಳನ್ನು ಅದರ ದಂಡಕ್ಕೆ ಹಿಡಿದಿಡುವುದು ಶಿಯರ್ ಪಿನ್ ಎಂಬ ಸಣ್ಣ ಪಿನ್ನುಗಳು. ಅವನ್ನು ಬೇಕೆಂದೇ ದುರ್ಬಲವಾಗಿ ಮಾಡಿರುತ್ತಾರೆ. ಹಿಮದಡಿ ಹೂತ ಕಲ್ಲೋ, ಹೆಪ್ಪುಗಟ್ಟಿದ ದಿನಪತ್ರಿಕೆಯ ಕಟ್ಟೋ, ಮಕ್ಕಳ ಜಾರುಬಂಡಿಯ ಹಗ್ಗವೋ ಸಿಕ್ಕಿಕೊಂಡಾಗ ಪಿನ್ನು ಮುರಿದು, ಹಿಂದಿರುವ ದುಬಾರಿ ಗೇರ್‌ಬಾಕ್ಸನ್ನು ಉಳಿಸುತ್ತದೆ. ಪಿನ್ನು ಮುರಿಯಿತೆಂದು ಗ್ಯಾರೇಜಿನಲ್ಲಿ ಸಿಕ್ಕ ಗಟ್ಟಿ ಬೋಲ್ಟು ಹಾಕುವ ಜಾಣರು ನಮ್ಮಲ್ಲಿ ಇದ್ದಾರೆ. ಅದು ಮನೆಯ ಕರೆಂಟಿನ ಫ್ಯೂಸಿಗೆ ಕಬ್ಬಿಣದ ಮೊಳೆ ಹಾಕಿದಂತೆ. ಕೆಲವೇ ಡಾಲರಿನ ಪಿನ್ನುಗಳನ್ನು ಯಂತ್ರದ ಹಿಡಿಗೇ ಒಂದು ಚೀಲದಲ್ಲಿ ಕಟ್ಟಿಡಬೇಕು. ಇನ್ನೊಂದು ಗುಟ್ಟು: ವರ್ಷಕ್ಕೊಮ್ಮೆ ಪಿನ್ನು ತೆಗೆದು, ಸುರುಳಿ ಮತ್ತು ದಂಡದ ನಡುವೆ ಗ್ರೀಸು ತುಂಬಿ, ಸುರುಳಿಯನ್ನು ಕೈಯಿಂದ ತಿರುಗಿಸಿ ನೋಡಬೇಕು, ಎಂಜಿನ್ನು ನಿಲ್ಲಿಸಿ, ಪ್ಲಗ್ಗಿನ ವೈರು ಕಳಚಿಟ್ಟು. ತುಕ್ಕಿನಿಂದ ಎರಡೂ ಒಂದಾಗಿಬಿಟ್ಟರೆ ಪಿನ್ನು ಇದ್ದೂ ಇಲ್ಲದಂತೆಯೇ.

ಬಾಯಿಯ ಎರಡು ಕಡೆ ಇರುವ ಸ್ಕಿಡ್ ಷೂಗಳು ಯಂತ್ರ ನೆಲಕ್ಕೆ ಎಷ್ಟು ಹತ್ತಿರ ಓಡಬೇಕೆಂದು ನಿರ್ಧರಿಸುತ್ತವೆ. ಜಲ್ಲಿಯ ಡ್ರೈವ್‌ವೇ ಇದ್ದವರು ಅವನ್ನು ಇಳಿಸಿ ಬಾಯಿಯನ್ನು ಒಂದು ಅಂಗುಲಕ್ಕೂ ಮೇಲೆ ಎತ್ತಬೇಕು. ಇಲ್ಲವಾದರೆ ತೂರುವುದು ಹಿಮವಲ್ಲ, ಕಲ್ಲು. ರಬ್ಬರಿನ ಬೆಲ್ಟುಗಳು ಬಿರುಕು ಬಿಟ್ಟಿವೆಯೇ ನೋಡಬೇಕು. ಎಣ್ಣೆ ಋತುವಿಗೊಮ್ಮೆ ಬದಲಾಗಬೇಕು. ಈ ಎಂಜಿನ್ನುಗಳಲ್ಲಿ ಬಹಳಷ್ಟಕ್ಕೆ ಗಾಳಿಯ ಫಿಲ್ಟರೇ ಇರುವುದಿಲ್ಲ. ಹಿಮದ ನಡುವೆ ಧೂಳಿಲ್ಲ, ಫಿಲ್ಟರಿದ್ದರೆ ಅದೇ ಹೆಪ್ಪುಗಟ್ಟುತ್ತದೆ. ಆದ್ದರಿಂದ ಬೇಸಿಗೆಯ ಧೂಳಿನಲ್ಲಿ ಆಟಕ್ಕೆಂದು ಓಡಿಸಬಾರದು. ಹಿಮವನ್ನು ತೂರುವ ಮುನ್ನ ಗಾಳಿ ನೋಡಬೇಕು. ನಮ್ಮ ಅಜ್ಜಂದಿರು ಕಣದಲ್ಲಿ ರಾಶಿ ತೂರುವಾಗ ಗಾಳಿಯ ದಿಕ್ಕಿಗೆ ಬೆನ್ನು ಹಾಕಿ ನಿಲ್ಲುತ್ತಿದ್ದದ್ದು ಇಲ್ಲಿಯೂ ನಡೆಯುವ ವಿದ್ಯೆ. ಅದನ್ನು ಮರೆತವರು ತಾವು ತೂರಿದ ಹಿಮವನ್ನು ತಾವೇ ಮುಖಕ್ಕೆ ಹಾಕಿಸಿಕೊಳ್ಳುತ್ತಾರೆ.

ಇನ್ನು ಎರಡು ವಿಷಯದಲ್ಲಿ ತಮಾಷೆಯಿಲ್ಲ. ಒದ್ದೆ ಹಿಮ ಕೊಳವೆಯಲ್ಲಿ ಕಟ್ಟಿಕೊಂಡಾಗ ಕೈ ಹಾಕಲೇಬಾರದು. ಎಂಜಿನ್ನು ನಿಂತಿದ್ದರೂ ಹಾಕಬಾರದು. ಬೆಲ್ಟಿನ ಬಿಗಿತ ಒಳಗೆ ಉಳಿದಿರುತ್ತದೆ. ಅಡ್ಡವಿದ್ದ ಹಿಮ ಸರಿದ ಕ್ಷಣ ರೆಕ್ಕೆ ಅರ್ಧ ಸುತ್ತು ಹೊಡೆಯುತ್ತದೆ, ಬೆರಳುಗಳಿಗೆ ಅಷ್ಟು ಸಾಕು. ಈ ದೇಶದಲ್ಲಿ ಪ್ರತಿ ವರ್ಷ ಸಾವಿರಾರು ಜನ ಈ ಯಂತ್ರಗಳಿಂದ ಗಾಯಗೊಂಡು ಆಸ್ಪತ್ರೆಗೆ ಹೋಗುತ್ತಾರೆ. ಎಂಜಿನ್ನು ನಿಲ್ಲಿಸಿ, ಕೀಲಿ ತೆಗೆದು, ಯಂತ್ರದ ಮೇಲೇ ಇಟ್ಟಿರುವ ಕೋಲಿನಿಂದ ಕೆದಕಬೇಕು. ಎರಡನೆಯದು, ಚಳಿಯೆಂದು ಗ್ಯಾರೇಜಿನೊಳಗೆ ಎಂಜಿನ್ನು ಓಡಿಸಬಾರದು, ಬಾಗಿಲು ತೆರೆದಿದ್ದರೂ. ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ನನ್ನು ಅದು ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಿಗಿಯಾಗಿ ಹಿಡಿಯುತ್ತದೆ. ಗ್ಯಾರೇಜಿನ ಮೇಲಿನ ಕೋಣೆಯಲ್ಲಿ ಮಕ್ಕಳು ಮಲಗಿರುತ್ತಾರೆಂಬುದನ್ನು ಮರೆಯಬಾರದು.

ಇಷ್ಟೆಲ್ಲ ತಾಪತ್ರಯ ಏಕೆ ಎಂದು ಕೇಳುವವರಿದ್ದಾರೆ, ಅವರ ಮಾತಿನಲ್ಲಿ ಹುರುಳಿಲ್ಲದಿಲ್ಲ. ಡ್ರೈವ್‌ವೇ ಚಿಕ್ಕದಾಗಿ, ಮೈಯಲ್ಲಿ ಕಸುವಿದ್ದರೆ ಸಲಿಕೆ ಅಥವಾ ಒಂದು ಹಂತದ ಯಂತ್ರ ಸಾಕು. ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ಏಕೆ? ಹೃದ್ರೋಗವಿರುವವರು ಋತುವಿಗಿಷ್ಟು ಎಂದು ಹಣ ಕೊಟ್ಟು ಪ್ಲೌ ಗಾಡಿಯವರನ್ನು ಗೊತ್ತು ಮಾಡಿಕೊಳ್ಳುವುದೇ ಲೇಸು, ಏಕೆಂದರೆ ಈ ಯಂತ್ರವನ್ನು ತಳ್ಳಿ ತಿರುಗಿಸುವುದೂ ಶ್ರಮವೇ. ಬ್ಯಾಟರಿಯ ಎರಡು ಹಂತದ ಯಂತ್ರಗಳೂ ಈಗ ಬಂದಿವೆ. ಅವುಗಳಲ್ಲಿ ಗೋಂದಿಲ್ಲ, ಹೊಗೆಯಿಲ್ಲ, ಗದ್ದಲ ಕಡಿಮೆ. ಕ್ಯಾಲಿಫೋರ್ನಿಯಾ ರಾಜ್ಯ ೨೦೨೪ರ ಮಾದರಿಯಿಂದ ಹೊಸ ಸಣ್ಣ ಎಂಜಿನ್ನುಗಳಲ್ಲಿ ಬಹುಪಾಲು ಹೊಗೆಯಿಲ್ಲದವೇ ಆಗಬೇಕೆಂದು ನಿಯಮ ಮಾಡಿದೆ. ರಸಾಯನಶಾಸ್ತ್ರ ಓದಿದವರಾಗಿ ನಾವು ಅದನ್ನು ವಿರೋಧಿಸಲಾರೆವು. ಆದರೆ ಚಳಿಯಲ್ಲಿ ಬ್ಯಾಟರಿಯ ಬಲ ತಗ್ಗುತ್ತದೆ. ಎರಡು ಮನೆಯ ಒದ್ದೆ ಹಿಮ, ಪ್ಲೌ ಕಟ್ಟಿದ ಗೋಡೆ, ಜೊತೆಗೆ ಕರೆಂಟು ಹೋದ ಬೆಳಿಗ್ಗೆ, ಇವುಗಳ ಮುಂದೆ ಡಬ್ಬಿಯಲ್ಲಿರುವ ಗ್ಯಾಸಿಗೆ ಇನ್ನೂ ಸ್ಥಾನವಿದೆ. ನಮ್ಮ ಯಂತ್ರದ ಆಯುಷ್ಯ ಮುಗಿದಾಗ ಬಹುಶಃ ಬ್ಯಾಟರಿಯದನ್ನೇ ತರುತ್ತೇವೆ. ಅಲ್ಲಿಯವರೆಗೆ, ಆಗಲೇ ಮಾಡಿಟ್ಟ ಕಬ್ಬಿಣವನ್ನು ಎಸೆಯುವುದಕ್ಕಿಂತ ಸಾಕಿಕೊಳ್ಳುವುದು ಮೇಲು.

“ರಿಪೇರಿ ಅಂಗಡಿ ಇದೆಯಲ್ಲ” ಎನ್ನುವವರಿಗೆ ಒಂದೇ ಉತ್ತರ. ಮೊದಲ ಹಿಮದ ಮಾರನೆಯ ದಿನ ಆ ಅಂಗಡಿಯ ಮುಂದಿನ ಸಾಲನ್ನು ನೋಡಿ ಬನ್ನಿ. ಯುದ್ಧಕಾಲೇ ಶಸ್ತ್ರಾಭ್ಯಾಸ ಎಂಬ ಮಾತು ಹುಟ್ಟಿದ್ದೇ ಇಂಥವರಿಗಾಗಿ.

ನಮ್ಮ ಅಭಿಪ್ರಾಯದಲ್ಲಿ ತೊಂದರೆಯ ಬೇರು ಇನ್ನೂ ಆಳದಲ್ಲಿದೆ. ಚೆನ್ನಾಗಿ ಓದಿದವರು ಕೈ ಕೊಳೆ ಮಾಡಿಕೊಳ್ಳಬಾರದೆಂಬ ಪಾಠವನ್ನು ನಾವು ಊರಿನಿಂದಲೇ ಕಟ್ಟಿಕೊಂಡು ಬಂದಿದ್ದೇವೆ. ಸ್ಪ್ಯಾನರ್ ಹಿಡಿಯುವ ಕೆಲಸಕ್ಕೆ ಬೇರೆ ಜನ ಇದ್ದಾರೆಂದು ನಮ್ಮ ಮನೆಗಳಲ್ಲಿ ನಂಬಿದ್ದರು. ಕೈ ಕೆಸರಾದರೆ ಬಾಯಿ ಮೊಸರು ಎಂದು ಮಕ್ಕಳಿಗೆ ಹೇಳುತ್ತೇವೆ, ನಮ್ಮ ಕೈ ಮಾತ್ರ ಕೆಸರಾಗಬಾರದು! ವಿಚಿತ್ರವೆಂದರೆ, ಇದೇ ನಾವು ವರ್ಷಕ್ಕೊಮ್ಮೆ ಯಂತ್ರಗಳಿಗೆ ಪೂಜೆ ಮಾಡುವವರು. ಮಹಾನವಮಿಯ ದಿನ ಕಾರಿಗೆ ಕುಂಕುಮ ಇಟ್ಟು, ಚಕ್ರದಡಿ ನಿಂಬೆಹಣ್ಣು ಒಡೆಸುತ್ತೇವೆ. ಊರಿನಲ್ಲಿ ಬಡಗಿ ಕಮ್ಮಾರರ ಮನೆಯ ಆಯುಧಪೂಜೆಯನ್ನು ನೋಡಿದವರಿಗೆ ನೆನಪಿರಬಹುದು: ಅವರು ಮೊದಲು ಉಳಿ ಬಾಚಿಗಳನ್ನು ತೊಳೆದು, ತುಕ್ಕು ಉಜ್ಜಿ, ಹದ ಮಾಡಿ, ಎಣ್ಣೆ ಸವರಿ ಸಾಲಾಗಿ ಇಡುತ್ತಿದ್ದರು. ಕುಂಕುಮ ಬರುತ್ತಿದ್ದದ್ದು ಆಮೇಲೆ. ನಾವು ಮೊದಲಿನದನ್ನು ಬಿಟ್ಟು ಕೊನೆಯದನ್ನು ಮಾತ್ರ ಉಳಿಸಿಕೊಂಡಿದ್ದೇವೆ.

ಪಂಚಾಂಗವೇ ನಮಗೆ ಅನುಕೂಲವಾಗಿದೆ ನೋಡಿ. ಮಹಾನವಮಿ ಬರುವುದು ಸೆಪ್ಟೆಂಬರ್ ಅಕ್ಟೋಬರಿನಲ್ಲಿ, ಹಿಮಕ್ಕೆ ಕೆಲವು ವಾರ ಮುಂಚೆ. ರಾಮನವಮಿ ಬರುವುದು ಮಾರ್ಚಿನ ಕೊನೆ ಅಥವಾ ಏಪ್ರಿಲಿನಲ್ಲಿ, ಹಿಮ ಹಿಂದೆಗೆಯುವಾಗ. ಒಂದು ನವಮಿಗೆ ಯಂತ್ರವನ್ನು ಎಬ್ಬಿಸೋಣ: ಎಣ್ಣೆ, ಪ್ಲಗ್ಗು, ಪಿನ್ನು, ಗ್ರೀಸು, ಬೆಲ್ಟು, ಹೊಸ ಗ್ಯಾಸು, ಕಾಲುಗಂಟೆ ಓಡಿಸಿ ನೋಡುವುದು. ಆಮೇಲೆ ಕುಂಕುಮ. ಇನ್ನೊಂದು ನವಮಿಗೆ ಪಾನಕ ಕುಡಿದು ಅದನ್ನು ಮಲಗಿಸೋಣ: ಗ್ಯಾಸು ಬರಿದು ಮಾಡಿ, ಒರೆಸಿ, ಒಣಗಿಸಿ. ಹಬ್ಬ ಬೇಗ ಬಂದ ವರ್ಷ ಹದಿನೈದು ದಿನ ತಡೆದರಾಯಿತು.

ಕೂಟದ ಮುಂದೆ ನಮ್ಮ ಸಲಹೆಯೂ ಇದೆ. ಹತ್ತಿರ ಹತ್ತಿರ ಇರುವ ಮೂರು ಮನೆಗೆ ಒಂದು ಯಂತ್ರ ಸಾಕು. ಆ ಮೂರು ಮನೆ ನಮ್ಮವರದ್ದೇ ಆಗಬೇಕೆಂದಿಲ್ಲ. ನವರಾತ್ರಿಯ ಒಂದು ಶನಿವಾರ ನಾಲ್ಕು ಜನ ಸೇರಿ ಮನೆಯಿಂದ ಮನೆಗೆ ಹೋಗಿ ಯಂತ್ರಗಳನ್ನು ನೋಡೋಣ. ಗೊಂಬೆ ನೋಡಲು ಹೋಗುವುದಿಲ್ಲವೇ, ಹಾಗೆಯೇ. ಗೊಂಬೆಯ ಸಾಲಿನ ಮುಂದೆ ಹಾಡುವ ಹುಡುಗಿಯರಿಗೂ ಸ್ಪ್ಯಾನರ್ ಕೊಡಿ. ನಮ್ಮ ಮನೆಯಲ್ಲಿ ಕಾರ್ಬ್ಯುರೇಟರಿನ ಬಟ್ಟಲನ್ನು ಬಿಚ್ಚಿ ಜೋಡಿಸುವುದರಲ್ಲಿ ಈಗ ಎಲ್ಲರಿಗಿಂತ ಚುರುಕು ನಮ್ಮ ಒಂಬತ್ತು ವರ್ಷದ ಮಗಳು. ಮತ್ತು ನಿಮ್ಮ ಬೀದಿಯಲ್ಲಿ ವಯಸ್ಸಾದವರು ಇದ್ದರೆ ಅವರ ದಾರಿಯನ್ನು ಮೊದಲು ಮಾಡಿ, ನಿಮ್ಮದನ್ನು ಆಮೇಲೆ. ಮಾಡಲಾಗದಿದ್ದರೆ, ಮಾಡುತ್ತೇವೆಂದು ಹೇಳಬೇಡಿ. ನಮ್ಮ ಮಾತನ್ನು ನಂಬಿ ತಮ್ಮ ಯಂತ್ರ ಮಾರಿದವರು ನಮ್ಮ ಪಕ್ಕದಲ್ಲೇ ಇದ್ದಾರೆ.

ಆ ಹಿರಿಯರು ಈಗ ಹಿಮದ ಬೆಳಿಗ್ಗೆ ಅಡಿಗೆಮನೆಯ ಕಿಟಕಿಯ ಬಳಿ ಕಾಫಿ ಹಿಡಿದು ಕುಳಿತಿರುತ್ತಾರೆ. ನಾವು ಮೊದಲು ಅವರ ಡ್ರೈವ್‌ವೇಯಿಂದ ಆರಂಭಿಸುತ್ತೇವೆ. ಶಬ್ದದಲ್ಲಿ ಏನಾದರೂ ವ್ಯತ್ಯಾಸ ಕಂಡರೆ ಸಂಜೆ ಫೋನು ಬರುತ್ತದೆ: “ಎಡಗಡೆಯ ಬೆಲ್ಟು ಸಡಿಲವಾಗಿದೆ, ನೋಡಿಕೊಳ್ಳಿ.” ನೋಡಿದರೆ ಸಡಿಲವಾಗಿಯೇ ಇರುತ್ತದೆ.

ನಮ್ಮ ಮಾತಿಗೆ ಒಪ್ಪದವರು, ಅದರಲ್ಲೂ ಬ್ಯಾಟರಿ ಪಕ್ಷದವರು, ಮುಂದಿನ ಸಂಚಿಕೆಗೆ ಬರೆಯಲಿ, ಸಂತೋಷದಿಂದ ಓದುತ್ತೇವೆ. ಒಪ್ಪುವವರು ಬರೆಯುವುದು ಬೇಡ, ಗ್ಯಾರೇಜಿಗೆ ಹೋಗಿ ಆ ಸೂಟ್‌ಕೇಸುಗಳನ್ನು ಕೆಳಗಿಳಿಸಲಿ.